ತಿರುಗಿ ಬಂದ ಬುಟ್ಟಿಯಲ್ಲಿ ಚಿಪ್ಪಿನ ಸುಣ್ಣ

ಕೆಂಗೇರಿ
೩-೫-೧೯೫೬, ಗುರುವಾರ

ರಾಜಾಜಿನಗರದಲ್ಲಿ ಮನೆ ಕಟ್ಟುತ್ತಿರುವ ನನ್ನ ಯಜಮಾನರಿಗೆ, ತವರಿನಲ್ಲಿ ಕೂತಿರುವ ಮುನಿತಾಯಿ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆದು ಶುರು ಮಾಡಬೇಕು. ಅಪ್ಪ ಕ್ಷೇಮ, ಎತ್ತುಗಳು ಕ್ಷೇಮ, ಅಪ್ಪ ಸುಣ್ಣ ಸುಡುವ ಗೂಡೂ ಕ್ಷೇಮ. ನಾನು ಕ್ಷೇಮವೋ ಅಲ್ಲವೋ ನನಗೇ ತಿಳಿಯುತ್ತಿಲ್ಲ. ನಿಮಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಮದುವೆಯಾದಾಗಿನಿಂದ ಒಂದೇ ಸೂರಿನ ಕೆಳಗೆ ಇದ್ದವರಿಗೆ ಕಾಗದದ ಅಗತ್ಯವೇ ಬಿದ್ದಿರಲಿಲ್ಲ. ಮೊದಲು ಕವರಿನ ಮೇಲೆ ನಿಮ್ಮ ಹೆಸರು ಬರೆದಿಟ್ಟುಕೊಂಡೆ. ಬಾಯಲ್ಲಿ ಹೇಳಬಾರದ ಹೆಸರನ್ನು ಕೈಯಲ್ಲಿ ಬರೆಯಬಹುದೋ ಬಾರದೋ ಅಂತ ಅಲ್ಲೇ ಒಂದು ಗಳಿಗೆ ಕೈ ನಿಂತಿತು.

ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ, ನಿಮಗೂ ಅದು ಅರ್ಥವಾಗುವುದಿಲ್ಲ. ಅದಕ್ಕೆ ನೇರವಾಗಿ ಕೇಳುತ್ತೇನೆ. ನಿಮಗೆ ನಾನು ಬೇಕೋ ಬೇಡವೋ? ಅಕ್ಷಯ ತದಿಗೆಗೆ ಗೃಹಪ್ರವೇಶ ಇಟ್ಟುಕೊಂಡಿದ್ದೀರಿ. ಅವತ್ತು ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವವಳು ನಾನೋ ಬೇರೆಯವರೋ ಅನ್ನುವುದು ಇನ್ನೂ ಯಾರ ಬಾಯಿಂದಲೂ ಬಂದಿಲ್ಲ. ನಾನಿಲ್ಲದೆ ಹಾಲು ಉಕ್ಕಿತು ಅಂದರೆ ಅಲ್ಲಿಗೆ ಮುಗಿಯಿತು, ಆಮೇಲೆ ನೀವು ಬಂದು ಕರೆದರೂ ನಮ್ಮ ಕಡೆಯವರು ಕಳಿಸುವುದಿಲ್ಲ. ಇಷ್ಟು ದೊಡ್ಡ ವಿಷಯ ನಿಮಗೆ ಗೊತ್ತೇ ಇಲ್ಲವೋ, ಗೊತ್ತಿದ್ದೂ ಸುಮ್ಮನಿದ್ದೀರೋ, ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟು ಹೋಗಿದೆ. ಆದ್ದರಿಂದ ನಡೆದದ್ದನ್ನೆಲ್ಲ ಮೊದಲಿನಿಂದ ಬರೆಯುತ್ತೇನೆ. ಇದೆಲ್ಲ ನನಗೆ ಗೊತ್ತು ಅನ್ನಬೇಡಿ. ನಿಮಗೆ ಗೊತ್ತಿರುವುದು ಒಂದು, ನಡೆದಿರುವುದು ಇನ್ನೊಂದು.

ಎಲ್ಲದಕ್ಕೂ ಮೂಲ ಆ ಮಂಗಳೂರು ಹೆಂಚಿನ ಲಾರಿ. ಹೆಂಚು ಒಂದಕ್ಕೊಂದು ತಾಗಿ ಒಡೆಯಬಾರದು ಅಂತ ಸಂದಿಯಲ್ಲಿ ಗೋಣಿಚೀಲ ತುರುಕಿದ್ದರು. ಒಳಗೆ ಹುಲ್ಲಿರಬೇಕು ಅಂದುಕೊಂಡು ನಾನು ಒಂದು ಚೀಲ ಬಿಚ್ಚಿದೆ. ನೋಡಿದರೆ ಕಡಲ ಚಿಪ್ಪು. ಅಲ್ಲಿಯ ಜನ ಒಳಗಿನ ಮಾಂಸ ಬೇಯಿಸಿ ತಿಂದು ಹಿತ್ತಿಲಿಗೆ ಎಸೆಯುವ ಚಿಪ್ಪು. ಬಿಸಾಡಬೇಕಾಗಿದ್ದನ್ನು ಬೆಂಗಳೂರಿನವರೆಗೆ ಯಾಕೆ ಹೊತ್ತು ತಂದೆಯಪ್ಪ ಅಂದರೆ ಆ ಡ್ರೈವರು ನಕ್ಕ. ನಮ್ಮ ಕಡೆ ಇದನ್ನು ಸುಟ್ಟು ಸುಣ್ಣ ಮಾಡ್ತಾರೆ ಅಕ್ಕ, ಗೋಡೆಗೂ ಬಳೀತಾರೆ, ಎಲೆ ಅಡಿಕೆಗೂ ಹಾಕ್ಕೊಳ್ತಾರೆ ಅಂದ. ಅವನು ಹೇಳಿದ್ದೇ ತಡ, ನಿಮ್ಮ ಕಣ್ಣು ಅರಳಿದ್ದು ನನಗೆ ಇನ್ನೂ ನೆನಪಿದೆ. ಸಿಮೆಂಟಿನ ಪರ್ಮಿಟ್ಟಿಗೆ ಆಫೀಸು ಸುತ್ತಿ ಸೋತಿದ್ದವರು ನೀವು. ಊರಿನ ಮನೆಗಳಿಗೆಲ್ಲ ಗಾರೆ ಮಾಡಿ ಸ್ವಂತ ಮನೆಯ ಗೋಡೆಗೆ ಬಂದಾಗ ಕೈ ಕಟ್ಟಿ ಕೂತಿದ್ದಿರಿ. ಮುಂದಿನ ಸಲ ಬರುವಾಗ ಇದನ್ನೇ ಜಾಸ್ತಿ ತುಂಬಿಕೊಂಡು ಬಾ ಅಂತ ಅವನಿಗೆ ಅಲ್ಲೇ ಹೇಳಿಬಿಟ್ಟಿರಿ.

ಸೈಟಿನ ಮೂಲೆಯಲ್ಲಿ ಇಟ್ಟಿಗೆ ಚೂರಿನಿಂದ ಪುಟ್ಟ ಗೂಡು ಕಟ್ಟಿ, ಒಂದು ವರಸೆ ಇದ್ದಲು, ಒಂದು ವರಸೆ ಚಿಪ್ಪು ಅಂತ ಜೋಡಿಸಿ ಬೆಂಕಿ ಇಟ್ಟಿರಿ. ಮನೆ ಏಳುವವರೆಗೆ ಅಂತ ಸೈಟಿನಲ್ಲೇ ನಾವಿದ್ದ ಶೆಡ್ಡಿನ ತಗಡಿನ ಮೇಲೆ ರಾಜಾಜಿನಗರದ ಕಾಗೆಗಳೆಲ್ಲ ಸೇರಿದವು. ಚಿಪ್ಪಿಗೆ ಅಂಟಿಕೊಂಡು ಒಣಗಿದ್ದ ಮಾಂಸ ಸುಟ್ಟು ಎದ್ದ ವಾಸನೆಗೆ ನಾನು ಸೆರಗು ಮೂಗಿಗೆ ಹಿಡಿದು, ಈ ನಾತ ಹೋಗೋವರೆಗೂ ತೌರಲ್ಲಿ ಇರ್ತೀನಿ ನೋಡಿ ಅಂದೆ. ಅಂದದ್ದು ನಿಜ. ಹೆಂಡತಿ ಅನ್ನುವವಳು ದಿನಕ್ಕೆ ನೂರು ಮಾತು ಅನ್ನುತ್ತಾಳೆ. ಉಳಿದ ಮಾತನ್ನೆಲ್ಲ ಗಾಳಿಗೆ ಬಿಡುವ ನೀವು ಇದೊಂದನ್ನು ಮಾತ್ರ ಗಂಟು ಹಾಕಿ ಇಟ್ಟುಕೊಂಡಿದ್ದೀರಿ.

ಆದರೆ ಅವತ್ತು ನಾನು ಹೇಳದೆ ಉಳಿದ ಮಾತೂ ಒಂದಿದೆ. ಗೂಡು ಆರಿದ ಮೇಲೆ ಚಿಪ್ಪನ್ನು ಹೊರಗೆ ಹರಡಿ ನೀರು ಚಿಮುಕಿಸಿದಿರಲ್ಲ. ಸುಟ್ಟ ಮೇಲೂ ಚಿಪ್ಪಿನ ಆಕಾರ ಬಿಡದೆ ಇದ್ದದ್ದು ಚಟಚಟ ಅಂದು, ಆವಿಯಾಡಿ, ಬಿರಿದು ನೋಡನೋಡುತ್ತಿದ್ದ ಹಾಗೆ ಹಿಟ್ಟಾಯಿತು. ಸುಣ್ಣದ ಗೂಡಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು, ಅಷ್ಟು ಬೆಳ್ಳಗಿನ ಸುಣ್ಣ ನೋಡಿರಲಿಲ್ಲ. ದೇವರ ಮನೆಯ ಗೋಡೆಗೆ ನೀವು ಅದರ ಗಾರೆ ಹಚ್ಚಿ, ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸಿ ಉಜ್ಜಿದಾಗ ಯಾರೂ ಇಲ್ಲದ ಹೊತ್ತು ನೋಡಿ ಆ ಗೋಡೆಗೆ ಕೆನ್ನೆ ಒತ್ತಿ ನಿಂತಿದ್ದೆ. ತಣ್ಣಗಿತ್ತು. ಚೆನ್ನಾಗಿದೆ ಅಂದರೆ ಅಪ್ಪನ ಸುಣ್ಣವನ್ನು ಹೀಗಳೆದ ಹಾಗೆ ಆಗುತ್ತದೆ ಅಂತ ಬಾಯಿ ಬಿಡಲಿಲ್ಲ. ನೀವು ನನ್ನ ಮುಖ ನೋಡಿ, ಇವಳಿಗೆ ಇದು ಹಿಡಿಸಲಿಲ್ಲ ಅಂದುಕೊಂಡಿರಿ.

ಇನ್ನು ಬುಟ್ಟಿಯ ವಿಷಯಕ್ಕೆ ಬರುತ್ತೇನೆ. ಇದನ್ನು ದಯವಿಟ್ಟು ಎರಡು ಸಲ ಓದಿ.

ನಿಮ್ಮ ಮಲ್ಲತ್ತಹಳ್ಳಿಯ ಬೇಸಾಯದ ಮನೆಗಳಲ್ಲಿ ಇದು ಇಲ್ಲ, ಸುಣ್ಣ ಸುಡುವ ನಮ್ಮ ಮನೆಗಳಲ್ಲಿ ಇದೆ. ಮಗಳು ಹೊಸ ಮನೆ ಕಟ್ಟಿದರೆ ಗೋಡೆಗೆ ಬಳಿಯುವ ಮೊದಲ ಸುಣ್ಣ ತವರಿನದು. ಗೂಡಿನಿಂದ ತೆಗೆದ ಸುಣ್ಣಕಲ್ಲನ್ನು ಬುಟ್ಟಿಗೆ ತುಂಬಿ, ಮೇಲೆ ಅರಿಸಿನದ ಕೊಂಬು, ಅಡಿಕೆ ಇಟ್ಟು ಕಳಿಸುತ್ತಾರೆ. ಮಗಳು ನೀರು ಹೊಯ್ಯಬೇಕು, ಅಳಿಯ ಕಲಸಬೇಕು. ಬುಟ್ಟಿ ಅಲ್ಲೇ ಉಳಿಯಬೇಕು. ಬುಟ್ಟಿ ತಿರುಗಿ ಬಂದರೆ ನಿಮ್ಮ ಮಗಳೂ ಬೇಡ ಅಂತ ಅರ್ಥ. ಆ ಬುಟ್ಟಿಯಲ್ಲಿ ಅವರದೇ ಸುಣ್ಣ ತುಂಬಿಕೊಂಡು ಬಂದರೆ ಇನ್ನೂ ಕೆಟ್ಟದ್ದು. ನಿಮ್ಮ ಋಣ ತೀರಿಸಿದ್ದೇವೆ, ಇನ್ನು ನಮಗೂ ನಿಮಗೂ ಏನೂ ಇಲ್ಲ ಅಂತ ಹೇಳಿ ಕಳಿಸಿದ ಹಾಗೆ.

ನೀವು ಮಾಡಿದ್ದು ಎರಡನೆಯದು.

ನಾನು ಹಿಟ್ಟಿನ ಗಿರಣಿಗೆ ಹೋಗಿದ್ದೆ. ಆಗ ಚಿಕ್ಕಪ್ಪ ಬುಟ್ಟಿ ಹೊತ್ತು ಬಂದಿದ್ದಾರೆ. ನೀವು ಪ್ರೀತಿಯಿಂದಲೇ ಕೂರಿಸಿ ಕಾಫಿ ಕೊಟ್ಟಿದ್ದೀರಿ. ಮಾವನ ಸುಣ್ಣ ಗಿರಾಕಿಗಳಿಗೆ ಹೋಗಲಿ, ನಮಗೆ ಯಾಕೆ ಸುಮ್ಮನೆ, ನಮ್ಮ ಹತ್ರ ಚಿಪ್ಪಿಂದು ಬೇಕಾದಷ್ಟಿದೆ ಅಂದಿದ್ದೀರಿ. ಅಷ್ಟು ಸಾಲದೆ, ಮಾವ ಒಂದು ಸಲ ನೋಡಲಿ ಅಂತ ಅದೇ ಬುಟ್ಟಿಗೆ ಚಿಪ್ಪಿನ ಸುಣ್ಣ ತುಂಬಿ, ಹೆಗಲಿಗೆ ನೀವೇ ಎತ್ತಿ ಕೊಟ್ಟಿದ್ದೀರಿ. ಚಿಕ್ಕಹನುಮಯ್ಯ ಅನ್ನುವ ನಮ್ಮ ಚಿಕ್ಕಪ್ಪ ಎಂಥವರು ಅಂತ ನಿಮಗೆ ಗೊತ್ತು. ಹಾವು ಕಚ್ಚಿದರೂ ಯಾರನ್ನೂ ಏನೂ ಕೇಳದೆ ಅಣ್ಣನ ಹತ್ತಿರ ಹೋಗಿ ಹೇಳುವವರು. ಬಾಯಿ ಬಿಡದೆ ಹೊತ್ತುಕೊಂಡು ಬಂದುಬಿಟ್ಟರು.

ಗಿರಣಿಯಿಂದ ಬಂದ ನನಗೆ ನೀವು ಸಂತೋಷವಾಗಿ ಹೇಳಿದಿರಿ, ಮಾವನಿಗೆ ಒಂದು ಬುಟ್ಟಿ ಕಳಿಸಿದೀನಿ ಕಣೇ ಅಂತ. ನಾನು ಹಿಟ್ಟಿನ ಡಬ್ಬಿಯನ್ನು ಅಲ್ಲೇ ಇಳಿಸಿದೆ. ಬಿಡಿಸಿ ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಮಲ್ಲೇಶ್ವರದ ಕೆಲಸಕ್ಕೆ ಹೊತ್ತಾಯಿತು ಅಂತ ಸೈಕಲ್ ಹತ್ತಿ ಹೋದಿರಿ. ಸಂಜೆ ನೀವು ಬರುವ ಮುಂಚೆಯೇ ಅಪ್ಪ ಗಾಡಿ ಕಟ್ಟಿಕೊಂಡು ಬಂದರು. ಒಳಗೆ ಕಾಲಿಡಲಿಲ್ಲ, ಕೊಟ್ಟ ನೀರು ಮುಟ್ಟಲಿಲ್ಲ. ಹೊರಡವ್ವ ಅಂದರು. ಹೀಗಲ್ಲಪ್ಪ, ಅವರಿಗೆ ಗೊತ್ತಿಲ್ಲದೆ ಆಗಿದೆ ಅಂದೆ. ಗೊತ್ತಿಲ್ಲದವರು ಕೇಳಿಕೊಂಡು ಬರ್ತಾರೆ, ಬರಲಿ ಅಂದರು. ಅಪ್ಪನ ಮುಖ ನೋಡಲಾರದೆ ಗಾಡಿ ಹತ್ತಿದೆ. ಅವತ್ತು ನಮ್ಮಲ್ಲಿಗೆ ಬಂದಿದ್ದ ನಿಮ್ಮ ಅಕ್ಕನ ಹತ್ತಿರ, ಬುಟ್ಟಿಯ ವಿಷಯಕ್ಕೆ ಅಪ್ಪ ಕರಕೊಂಡು ಹೋಗ್ತಿದಾರೆ, ನಾಳೆಯೇ ಬಂದು ಕರೆಯೋಕೆ ಹೇಳಿ ಅಂತ ಹೇಳಿಯೇ ಹೊರಟೆ. ನಿಮ್ಮ ರಾಮಕ್ಕ ನಿಮಗೆ ಹೇಳಿದ್ದು ವಾಸನೆ ತಡೀಲಾರದೆ ಹೋದಳು ಅಂತಂತೆ. ಬುಟ್ಟಿ ಅನ್ನುವ ಮಾತು ಅವರಿಗೆ ಅಷ್ಟು ದೊಡ್ಡದಾಗಿ ಕಂಡಿರಲಾರದು, ನಾನು ಅವರನ್ನು ದೂರುವುದಿಲ್ಲ. ಸ್ವಲ್ಪ ದೂರುತ್ತೇನೆ.

ನಾಳೆ ಬರುತ್ತೀರಿ ಅಂದುಕೊಂಡೆ. ನಾಳೆ ಬರಲಿಲ್ಲ. ಆ ವಾರದ ಭಾನುವಾರ ಬಂದಿರಿ. ಇಲ್ಲಿಂದ ಮುಂದೆ ನನಗೆ ಯಾವುದೂ ಅರ್ಥವಾಗುತ್ತಿಲ್ಲ.

ನೀವು ಜಗಲಿಗೆ ಬಂದು ಕೂತ ಸದ್ದು ಕೇಳಿ ನಾನು ಬಾಗಿಲ ಹಿಂದೆ ನಿಂತೆ. ಸೀರೆ ಗಂಟು ಕಟ್ಟಿ ಕಾಲ ಹತ್ತಿರ ಇಟ್ಟುಕೊಂಡಿದ್ದೆ. ನೀವು ಕೇಳುವುದು, ಅಪ್ಪ ಒಂದಿಷ್ಟು ಗದರುವುದು, ನೀವು ತಪ್ಪಾಯ್ತು ಮಾವ ಅನ್ನುವುದು, ನಾನು ಹೊರಡುವುದು, ಇಷ್ಟೇ ತಾನೇ. ನೀವು ಕೂತವರು, ಸುಣ್ಣ ಹೇಗಿತ್ತು ಮಾವ ಅಂದಿರಿ. ಈಗ ಬೈಯುತ್ತಾರೆ ಅಂದುಕೊಂಡು ನಾನು ಗಂಟಿಗೆ ಕೈ ಹಾಕಿದೆ. ಅಪ್ಪ ನೋಡಿದರೆ, ಅದಕ್ಕೆ ಎಷ್ಟು ಹೊತ್ತು ಬೆಂಕಿ ಕೊಟ್ರಿ ಅಂದರು.

ಅಲ್ಲಿಗೆ ಮುಗಿಯಿತು. ಇದ್ದಲು ಒಳ್ಳೆಯದೋ ತೆಂಗಿನ ಚಿಪ್ಪು ಒಳ್ಳೆಯದೋ, ದಪ್ಪ ಚಿಪ್ಪು ಕೆಳಗೋ ಮೇಲೋ, ಸರಿಯಾಗಿ ಬೇಯದ ಚೂರು ಗಾರೆಯಲ್ಲಿ ಉಳಿದರೆ ಮಳೆಗಾಲದಲ್ಲಿ ಗೋಡೆ ಹೇಗೆ ಉಬ್ಬುತ್ತದೆ, ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಪ್ಪ ನಗುವುದು ಕೇಳಿಸಿತು. ಅವ್ವ ತೀರಿಕೊಂಡ ಮೇಲೆ ಅಪ್ಪ ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಸಂತೋಷಪಡಬೇಕೋ, ಗಂಟನ್ನು ಎತ್ತಿ ನಿಮ್ಮಿಬ್ಬರ ಮಧ್ಯೆ ಎಸೆಯಬೇಕೋ ತಿಳಿಯದೆ ನಿಂತಿದ್ದೆ. ಅಪ್ಪ ತಮ್ಮ ಎಲೆ ಅಡಿಕೆ ಡಬ್ಬಿ ತೆಗೆದು, ನಿಮ್ಮದೇ ಹಾಕ್ಕೊಳ್ತಿದೀನಿ ನೋಡಿ, ಬಾಯಿ ಸುಡಲ್ಲ ಅಂದರು. ಆಣೆ ಮಾಡಿ ಹೇಳುತ್ತೇನೆ, ತಿರುಗಿ ಬಂದ ಬುಟ್ಟಿಯ ಸುಣ್ಣವನ್ನು ನಮ್ಮ ಮನೆಗಳಲ್ಲಿ ಯಾರೂ ಮುಟ್ಟುವುದಿಲ್ಲ. ತಿಪ್ಪೆಗೆ ಸುರಿಯುತ್ತಾರೆ. ನಮ್ಮಪ್ಪ ಅದನ್ನು ಡಬ್ಬಿಗೆ ತುಂಬಿಕೊಂಡಿದ್ದರು.

ಆಮೇಲೆ ಎದ್ದಿರಿ. ಬರ್ತೀನಿ ಮಾವ ಅಂದಿರಿ. ಒಂದು ಸಲ ಬಾಗಿಲ ಕಡೆ ತಿರುಗಿ ನೋಡಿದಿರಿ. ನೀವು ನೋಡಿದ್ದು ಸಂದಿಯಿಂದ ನನಗೆ ಕಾಣಿಸಿತು, ನಾನು ನಿಮಗೆ ಕಂಡೆನೋ ಇಲ್ಲವೋ. ಅಪ್ಪ ನಿಮ್ಮನ್ನು ರೈಲು ಸ್ಟೇಷನ್ನಿನವರೆಗೆ ಬಿಡಲು ಹೊರಟರು. ನಾನು ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಒಲೆ ಹಚ್ಚಿದೆ. ಅವತ್ತು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಅಪ್ಪ ತಟ್ಟೆ ಖಾಲಿ ಮಾಡಿ ಎದ್ದರು.

ಬುಟ್ಟಿಯ ಅರ್ಥವನ್ನು ನಮ್ಮ ಕಡೆಯವರು ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಹೇಳಿದರೆ ಮಗಳನ್ನು ಕರಕೊಂಡು ಹೋಗಿ ಅಂತ ಅಂಗಲಾಚಿದ ಹಾಗೆ. ಗಂಡನಾದವನೇ ಬಂದು, ನನ್ನ ಹೆಂಡತಿಯನ್ನು ಕಳಿಸಿಕೊಡಿ ಅಂತ ಕೇಳಬೇಕು. ಕೇಳಿದರೆ ಸಾಕು, ಬೇರೆ ಯಾವ ದಂಡವೂ ಇಲ್ಲ. ನೀವು ಚಿಪ್ಪಿನ ವಿಷಯ ಎಲ್ಲ ಕೇಳಿದಿರಿ, ಅಪ್ಪನ ಮಂಡಿನೋವು ಕೇಳಿದಿರಿ, ಎತ್ತಿನ ಲಾಳ ಕೇಳಿದಿರಿ. ನನ್ನೊಬ್ಬಳನ್ನು ಕೇಳಲಿಲ್ಲ.

ಅದಾದ ಮೇಲೆ ನಡೆಯುತ್ತಿರುವುದು ಇನ್ನೂ ವಿಚಿತ್ರ. ಚಿಕ್ಕಪ್ಪ ಗಾಡಿಯಲ್ಲಿ ಬಂದು ನಿಮ್ಮಿಂದ ಚೀಲಗಟ್ಟಲೆ ಚಿಪ್ಪು ತರುತ್ತಾರೆ. ಅಪ್ಪ ತಮ್ಮ ಗೂಡಿನ ಒಂದು ಭಾಗವನ್ನು ಅದಕ್ಕೇ ಬಿಟ್ಟಿದ್ದಾರೆ. ಸುಟ್ಟ ಸುಣ್ಣ ಅದೇ ಗಾಡಿಯಲ್ಲಿ ನಿಮ್ಮ ಗೋಡೆಗೆ ಬರುತ್ತದೆ. ಹಾಗಾದರೆ ಅದು ತವರಿನ ಸುಣ್ಣ ಆಯಿತಲ್ಲವೇ? ಚಿಪ್ಪು ನಿಮ್ಮದು, ಬೆಂಕಿ ನಮ್ಮದು. ಇದು ಯಾವ ಲೆಕ್ಕಕ್ಕೆ ಸೇರುತ್ತದೆ ಅಂತ ಚಿಕ್ಕಪ್ಪನನ್ನು ಕೇಳಿದರೆ ಅಣ್ಣನ್ನ ಕೇಳು ಅನ್ನುತ್ತಾರೆ. ಅಪ್ಪನನ್ನು ಕೇಳಿದರೆ ಮುಂದಿನ ಚೀಲ ಬಿಚ್ಚು ಅನ್ನುತ್ತಾರೆ. ಮಾವ ಅಳಿಯ ಒಂದಾಗಿದ್ದೀರಿ, ಸುಣ್ಣ ಹೋಗಿ ಬಂದು ಮಾಡುತ್ತಿದೆ, ಜಗಳ ಎಲ್ಲೂ ಕಾಣುತ್ತಿಲ್ಲ. ಜಗಳಕ್ಕೆ ಅಂತ ಕರೆತಂದ ನಾನು ಮಾತ್ರ ಇಲ್ಲೇ ಉಳಿದಿದ್ದೇನೆ.

ಸುಮ್ಮನೆ ಕೂತಿಲ್ಲ. ಚಿಪ್ಪು ಆರಿಸುವ ಕೆಲಸ ನನ್ನದು. ಒಳಗೆ ಮರಳು ಕಟ್ಟಿದ್ದನ್ನು ಕೆಡವುತ್ತೇನೆ, ದಪ್ಪ ತೆಳು ಬೇರೆ ಮಾಡುತ್ತೇನೆ, ಬಿಸಿಲಿಗೆ ಹರಡುತ್ತೇನೆ. ಸುಡುವ ಮುಂಚೆ ಎರಡು ನೀರಿನಲ್ಲಿ ತೊಳೆದು ಒಣಗಿಸಿದರೆ ನಾತ ಬರುವುದಿಲ್ಲ. ಇದನ್ನು ನೀವು ಮೊದಲೇ ಮಾಡಿದ್ದರೆ ನಾನು ಆ ಮಾತು ಆಡುತ್ತಲೇ ಇರಲಿಲ್ಲ. ಎಲ್ಲೋ ಕಡಲ ದಂಡೆಯಲ್ಲಿ ಯಾರೋ ಒಬ್ಬಳು ಗಂಡ ಮಕ್ಕಳಿಗೆ ಬಡಿಸಿ ಹಿತ್ತಿಲಿಗೆ ಎಸೆದದ್ದನ್ನು ನಾನಿಲ್ಲಿ ಕೂತು ಆರಿಸುತ್ತಿದ್ದೇನೆ. ಅವಳು ಅವಳ ಮನೆಯಲ್ಲಿ ಇದ್ದಾಳೆ. ಅದನ್ನು ನೆನೆದು ನಿನ್ನೆ ಅಳು ಬಂತು. ಅಪ್ಪ ನೋಡಿ ಏನಾಯ್ತವ್ವ ಅಂದರು. ಕಣ್ಣಿಗೆ ಸುಣ್ಣ ಬಿತ್ತು ಅಂದೆ.

ಈಗ ಕಾಗದ ಬರೆಯುವುದಕ್ಕೆ ಕಾರಣ ಚಿಕ್ಕಪ್ಪ ಮೊನ್ನೆ ತಂದ ಸುದ್ದಿ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸೋಕೆ ನಾನೇ ಬರಲೇನೋ ಅಂತ ರಾಮಕ್ಕ ನಿಮ್ಮನ್ನು ಕೇಳಿದರಂತೆ. ನೀವು ಹೂಂ ಅನ್ನಲಿಲ್ಲವಂತೆ, ಊಹೂಂ ಅನ್ನಲಿಲ್ಲವಂತೆ. ನನ್ನ ಮಾತು ಬಂದಾಗ, ಅವಳಿಗೆ ಮನಸ್ಸಾದಾಗ ಬರಲಿ, ಬಲವಂತ ಮಾಡಲ್ಲ ಅಂದಿರಂತೆ. ಇದೆಂಥ ಮಾತು? ನನ್ನ ಮನಸ್ಸನ್ನು ಕೇಳಿದವರು ಯಾರು? ನೀವು ಒಳ್ಳೆಯತನದಿಂದ ಹೇಳಿದಿರೋ ಬೇಡವಾಗಿ ಹೇಳಿದಿರೋ ಅಂತ ಆ ಒಂದು ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದೇನೆ. ಬೆಳಗ್ಗೆ ಒಂದು ಥರ ಅನ್ನಿಸುತ್ತದೆ, ಸಂಜೆ ಇನ್ನೊಂದು ಥರ. ನಿಮ್ಮ ಒಳ್ಳೆಯತನವೂ ಕೆಲವು ಸಲ ಬೈಗುಳಕ್ಕಿಂತ ಜಾಸ್ತಿ ನೋಯಿಸುತ್ತದೆ. ಬುಟ್ಟಿ ವಾಪಸು ಕಳಿಸಿದ್ದೂ ಒಳ್ಳೆಯತನದಿಂದಲೇ ತಾನೇ.

ನನ್ನ ಮನಸ್ಸು ಕೇಳಿದರೆ ಇಷ್ಟೇ. ನನಗೆ ಆ ಮನೆ ಬೇಕು. ನಿಮ್ಮ ಚಿಪ್ಪಿನ ಗೋಡೆ ಬೇಕು. ತಗಡಿನ ಶೆಡ್ಡಿನಲ್ಲಿ ಬಿಸಿಲಿಗೆ ಬೆಂದು ಕಾಯುತ್ತಿದ್ದದ್ದು ಅದಕ್ಕೇ. ನೀವು ಗಾರೆ ಮೆತ್ತಿದ ಕೈಯಲ್ಲೇ ತಟ್ಟೆಗೆ ಕೈ ಹಾಕುವಾಗ ಬೈಯುವುದಕ್ಕೂ ನಾನೇ ಬೇಕು, ಅದನ್ನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ನಿಮಗೆ ನಾನು ಬೇಡ ಅನ್ನುವುದಾದರೆ ಅದನ್ನೂ ಬಾಯಿ ಬಿಟ್ಟು ಹೇಳಿ, ತಡೆದುಕೊಳ್ಳುತ್ತೇನೆ. ಬೇಕು ಅನ್ನುವುದಾದರೆ ತದಿಗೆಗೆ ಮುಂಚೆ ಬಂದು ಅಪ್ಪನನ್ನು ಕೇಳಿ. ಸುಣ್ಣದ ಮಾತು ಆಮೇಲೆ ಆಡಿಕೊಳ್ಳಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕೈಗೆ ಸುಣ್ಣ ತಿಂದು ಬಿರುಕು ಬಿಟ್ಟಿದ್ದರೆ ಎಣ್ಣೆ ಹಚ್ಚಿ, ಶೆಡ್ಡಿನ ಮೂಲೆಯ ಹಲಗೆಯ ಮೇಲೆ ಹರಳೆಣ್ಣೆ ಇದೆ.

ನಿಮ್ಮ ಉತ್ತರಕ್ಕಿಂತ ನಿಮ್ಮ ದಾರಿಯನ್ನೇ ನೋಡುತ್ತಿರುವ,
ನಿಮ್ಮ
ಮುನಿತಾಯಿ

ಇನ್ನೊಂದು ಮಾತು:
ಸಹಿ ಹಾಕಿ ಕಾಗದ ಮಡಿಸುತ್ತಿದ್ದೆ. ಅಪ್ಪ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ, ಅಷ್ಟುದ್ದ ಏನವ್ವ ಬರೆದೆ ಅಂದರು. ಬಂದವರು ನನ್ನನ್ನು ಕೇಳದೆ ಹೋದರಲ್ಲ, ಯಾಕೆ ಅಂತ ಬರೆದೆ ಅಂದೆ. ಅಪ್ಪ ಎಲೆಯನ್ನು ಬಾಯಿಗೆ ಹಾಕಲಿಲ್ಲ. ಅದನ್ನು ಡಬ್ಬಿಯ ಮೇಲೆ ಇಟ್ಟು, ಅಳ್ಯಂದ್ರು ಕೇಳಿದ್ರು ಕಣವ್ವ ಅಂದರು. ಸ್ಟೇಷನ್ನಿನಲ್ಲಿ ಕೇಳಿದಿರಂತೆ. ನನ್ನಿಂದ ಏನು ತಪ್ಪಾಗಿದೆಯೋ ಗೊತ್ತಿಲ್ಲ, ಅವಳನ್ನ ಕಳಿಸಿಕೊಡಿ ಮಾವ ಅಂತ ಕೈ ಮುಗಿದಿರಂತೆ. ಅವಳಿಗೆ ಆ ವಾಸನೆ ಆಗಲ್ಲ, ಅವಳೇ ಬರಲ್ಲ ಅಂತಾಳೆ ಅಂತ ಅಪ್ಪ ಸುಳ್ಳು ಹೇಳಿದರಂತೆ. ಯಾಕಪ್ಪ ಅಂದೆ. ನಿಮ್ಮವ್ವ ಹೋದಮೇಲೆ ಗೂಡಿನ ಹತ್ರ ಬಂದು ಊಟಕ್ಕೆ ಏಳು ಅನ್ನೋರು ಇರಲಿಲ್ಲ, ನೀನು ಬಂದಮೇಲೆ ದಿನಾ ಕರೀತಿದ್ದೆ, ಇನ್ನೊಂದು ನಾಕು ದಿನ ಇರಲಿ ಅಂತ ಅಂದರು. ಇದನ್ನ ಬರೀಬೇಡ ಅಂತಲೂ ಅಂದರು. ನಾನು ಕಾಗದವನ್ನು ಮತ್ತೆ ಬಿಚ್ಚಿದೆ.

ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ, ಅವರ ಪಕ್ಕ ಕೂತು ಅಳಬೇಕೋ ಗೊತ್ತಾಗದೆ ಎದ್ದು ಹೋಗಿ ಎತ್ತುಗಳಿಗೆ ನೀರಿಟ್ಟು ಬಂದೆ. ಮೇಲೆ ನಿಮಗೆ ಬೈದು ಬರೆದದ್ದನ್ನು ಹೊಡೆದು ಹಾಕಿಲ್ಲ. ಮುಂದೆ ನೀವು ಏನಾದರೂ ಮಾಡೇ ಮಾಡುತ್ತೀರಿ, ಆಗಿನದಕ್ಕೆ ಇಟ್ಟುಕೊಳ್ಳಿ. ಈ ಭಾನುವಾರ ಬನ್ನಿ. ಸ್ಟೇಷನ್ನಿನ ಮಾತು ನನಗೆ ತಿಳಿದಿದೆ, ನಾನು ನಿಮಗೆ ಬರೆದಿದ್ದೇನೆ ಅಂತ ಅಪ್ಪನ ಎದುರು ತೋರಿಸಿಕೊಳ್ಳಬೇಡಿ. ಗೃಹಪ್ರವೇಶಕ್ಕೆ ಅವರು ಬಂದು ನಮ್ಮ ಜೊತೆ ತಿಂಗಳುಗಟ್ಟಲೆ ಇರಲಿ, ಊಟಕ್ಕೆ ಕರೆಯುವುದನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಮಾತ್ರ ಈಗಷ್ಟೇ ಮೊದಲ ಸಲ ಕೇಳುವವರ ಹಾಗೆ ಇನ್ನೊಂದು ಸಲ ಕೇಳಿ. ಸ್ಟೇಷನ್ನಿನಲ್ಲಿ ಬೇಡ, ಜಗಲಿಯ ಮೇಲೆ ಕೂತು, ನನ್ನ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ.